ಕಾಫಿಗೆ ಬಿದ್ದ ಗುಂಡಿ

ಹೊರಡುವ ಹೊತ್ತಿಗೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಸೆಕೆ ಬಗ್ಗೆ ಮಾತಾಡು, ಸಿನಿಮಾ ಬಗ್ಗೆ ಮಾತಾಡು. ಬಟ್ಟೆ ವಿಷಯ ಮಾತ್ರ ಎತ್ತಬೇಡ. ದಮ್ಮಯ್ಯ ಅಂತೀನಿ!"

ಅಕ್ಕನನ್ನು ಬೈಯುವ ಹಾಗಿರಲಿಲ್ಲ. ಬಟ್ಟೆ ಹೊಲಿಯುವ ಈ ತಂಗಿಯ ಕಣ್ಣು ಮನುಷ್ಯರ ಮುಖಕ್ಕಿಂತ ಮೊದಲು ಕಾಲರಿಗೆ ಬೀಳುತ್ತದೆ. ಹೋದ ಸಲ ಮದುವೆ ಮಾತಿಗೆಂದು ಭೇಟಿಯಾದ ಬ್ಯಾಂಕಿನವನಿಗೆ, "ನಿಮ್ಮ ಬಲಭುಜ ಸ್ವಲ್ಪ ಇಳಿದಿದೆ, ಒಳಗೆ ಪ್ಯಾಡ್ ಇಟ್ಟರೆ ಸರಿಹೋಗುತ್ತೆ" ಅಂದುಬಿಟ್ಟಿದ್ದಳು. ಆ ಮಹಾರಾಯ ಇಳಿದ ಭುಜ ಹೊತ್ತುಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅದಕ್ಕೂ ಮುಂಚಿನವನ ಕಥೆ ಬೇಡ. ಅದರಲ್ಲಿ ಪ್ಯಾಂಟಿನ ಜಿಪ್ಪು ಬರುತ್ತದೆ. ಇದೂ ಕೆಟ್ಟರೆ ಹೊಲಿಗೆ ಮೆಷಿನ್ನಿನ ಜತೆಗೇ ಬಾಳುತ್ತೇನೆ ಎಂದು ಸಾರಿದ್ದಳು. ಅದು ಬಾಯಿಮಾತು. ಎದುರಿಗೆ ಕೂತು ಮಾತಾಡಲು ಒಬ್ಬರು ಅವಳಿಗೆ ಬೇಕೇ ಬೇಕಾಗಿತ್ತು.

ಇವತ್ತಿನವನು ಭಾವನ ಕೂದಲು ಕತ್ತರಿಸುವವನು. "ಕಿವಿ ಪಕ್ಕ ಕತ್ತರಿ ಆಡಿಸುವಾಗಲೂ ನಗಿಸ್ತಾನೆ" ಎಂಬುದು ಭಾವ ಕೊಟ್ಟ ಸರ್ಟಿಫಿಕೇಟು.

ಕಾಫಿ ಅಂಗಡಿಯ ಕಿಟಕಿ ಪಕ್ಕ ಕೂತವನು ಮಾತ್ರ ನಗಿಸಲಿಲ್ಲ.

"ಸೆಕೆ ಅಲ್ವಾ?" ಅಂದ.

"ಹೌದು, ಸೆಕೆ."

"ನಿನ್ನೆ ಇಷ್ಟಿರಲಿಲ್ಲ."

"ಇಲ್ಲ, ಇರಲಿಲ್ಲ."

ಸೆಕೆ ಮುಗಿಯಿತು. ಸಿನಿಮಾ ಮಾತಿಗೆ ಬಂದರು, ಇಬ್ಬರೂ ಸಿನಿಮಾ ನೋಡಿ ವರ್ಷವಾಗಿತ್ತು. ಅವನು ಅವಳ ಹಣೆಯ ಮೇಲೆಲ್ಲೋ ನೋಡುವುದು, ತಟ್ಟನೆ ಕಣ್ಣು ತೆಗೆಯುವುದು ಮಾಡುತ್ತಿದ್ದ. ಇವನಿಗೆ ಬೇಜಾರು ಬಂದಿದೆ ಎಂದುಕೊಂಡಳು. ಅವಳ ಕಣ್ಣೋ, ಅವನ ಶರ್ಟಿನ ಬಲತೋಳಿಗೆ ಅಂಟಿಕೊಂಡಿತ್ತು. ಅಲ್ಲಿ ಗುಂಡಿಯಿಂದ ದಾರವೊಂದು ನೇತಾಡುತ್ತಿತ್ತು. ನೋಡಬಾರದು ಅಂದುಕೊಂಡಷ್ಟೂ ಅದೇ ಕಾಣುತ್ತಿತ್ತು. ಅವನು ಸಕ್ಕರೆಗೆ ಕೈ ಚಾಚಿದ್ದೇ ತಡ, ಅವಳ ಬೆರಳು ತಾನಾಗಿ ಹೋಗಿ ದಾರ ಎಳೆಯಿತು. ಗುಂಡಿಯ ದಾರವನ್ನು ಕತ್ತರಿಸಬೇಕು, ಎಳೆಯಬಾರದು. ಕಸುಬಿನ ಈ ಮೊದಲ ಪಾಠವೇ ಗಾಬರಿಯಲ್ಲಿ ಮರೆತುಹೋಗಿತ್ತು.

ಗುಂಡಿ ಕಳಚಿ ಅವನ ಕಾಫಿಗೆ ಬಿತ್ತು.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಕ್ಷಮಿಸಿ. ಬಟ್ಟೆ ತಂಟೆಗೆ ಹೋಗಬೇಡ ಅಂತ ಅಕ್ಕ ಬಡ್ಕೊಂಡಿದ್ಲು."

ಅವನು ಚಮಚದಲ್ಲಿ ಗುಂಡಿಯನ್ನು ಹುಡುಕಿ ಎತ್ತಿದ. "ಕೂದಲ ವಿಷಯ ಎತ್ತಿದ್ರೆ ಮನೆಗೇ ಬರಬೇಡ ಅಂದಿದಾರೆ ನಮ್ಮಮ್ಮ. ಆಗಿಂದ ತಡ್ಕೊಂಡಿದೀನಿ. ನಿಮ್ಮ ಮುಂಗೂದಲು ಎಡಗಡೆ ಒಂಚೂರು ಗಿಡ್ಡ. ಯಾರು ಕತ್ತರಿಸಿದ್ದು?"

"ನಾನೇ. ಬಟ್ಟೆ ಕತ್ತರೀಲಿ."

"ಶಿವನೇ!" ಅವನು ತಲೆ ಮೇಲೆ ಕೈ ಹೊತ್ತ. ಅವಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಮಾತಿಗೆ ಬರವೇ ಇರಲಿಲ್ಲ. ಕಿಟಕಿಯಾಚೆ ಕೋಟು ತೊಟ್ಟವನೊಬ್ಬ ಹೋದ. "ಅವನ ಅಣ್ಣನ ಕೋಟಿರಬೇಕು. ಭುಜ ನೋಡಿ, ಅವನ ಅಳತೆಯದಲ್ಲ" ಅಂದಳು. "ಕಟಿಂಗ್ ಇವತ್ತು ಬೆಳಿಗ್ಗೆದು. ಕೆಲಸ ಕೇಳೋಕೆ ಹೊರಟಿದಾನೆ" ಅಂದ ಅವನು. "ಸಿಗಲಿ ಪಾಪ" ಎಂದು ಇಬ್ಬರೂ ಒಟ್ಟಿಗೇ ಹಾರೈಸಿದರು.

ಅವನು ಜೇಬಿನಿಂದ ಚರ್ಮದ ಚೀಲ ತೆಗೆದು ತನ್ನ ಕತ್ತರಿ ತೋರಿಸಿದ. "ಅಂಗಡೀಲಿ ಬಿಟ್ಟು ಬಂದ್ರೆ ಯಾರಾದ್ರೂ ಇದರಲ್ಲಿ ಕಾಗದ ಕತ್ತರಿಸ್ತಾರೆ."

"ನಮ್ಮ ಭಾವ ಹಾಗೇ ಮಾಡಿದ್ರು. ಒಂದು ವಾರ ಅವರ ಜತೆ ಮಾತು ಬಿಟ್ಟಿದ್ದೆ!"

"ವಾರ ಸಾಲದು" ಅಂದ ಅವನು, ಗಂಭೀರವಾಗಿ. ಅವಳಿಗೆ ಅವನು ಇಷ್ಟವಾಗಿಬಿಟ್ಟ.

ಹೊರಡುವ ಹೊತ್ತಾಯಿತು. ಮತ್ತೆ ಸಿಗೋಣ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಕೈ ತೊಳೆದು ಬರ್ತೀನಿ ಎಂದು ಎದ್ದು ಹೋದ. ಬ್ಯಾಂಕಿನವನೂ ಹೀಗೇ ಎದ್ದು ಹೋಗಿದ್ದ. ಒದ್ದೆ ಗುಂಡಿಯನ್ನು ಕರವಸ್ತ್ರದಲ್ಲಿ ಒರೆಸುತ್ತಾ ಅವಳು ಸಪ್ಪಗೆ ಕೂತಳು.

ಅವನು ಮರಳಿ ಬಂದು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಎಡತೋಳಿನ ಗುಂಡಿ ಇತ್ತು. "ಇದೂ ಬಿದ್ದುಹೋಯ್ತು ನೋಡಿ."

ಅವಳು ಅವನ ತೋಳು ಹಿಡಿದು ನೋಡಿದಳು. ಸವೆದು ಹರಿದ ದಾರವಲ್ಲ. ಹರಿತವಾದ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು. ಅವನು ಫ್ಯಾನು ನೋಡುತ್ತಾ ನಿಂತಿದ್ದ, ಕಿವಿ ಕೆಂಪಾಗಿತ್ತು.

"ನಾನು ಒಂದು ಭೇಟಿಗೆ ಒಂದೇ ಗುಂಡಿ ಹಾಕೋದು" ಅಂದಳು.

"ಪರವಾಗಿಲ್ಲ" ಅಂದ ಅವನು. "ಎದೆ ಮೇಲೆ ಇನ್ನೂ ಏಳು ಇವೆ."