ಸೋಮವಾರದ ಉಸಿರು

ನಮ್ಮ ಲ್ಯಾಬಿನ ಹೊಸ ಯಂತ್ರಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅದರ ಕೆಲಸವೇನೋ ಸರಳ. ರೋಗಿ ಯೂರಿಯಾ ಬೆರೆಸಿದ ನೀರು ಕುಡಿದು, ಅರ್ಧ ಗಂಟೆ ಬಿಟ್ಟು ಚೀಲಕ್ಕೆ ಉಸಿರು ಊದಬೇಕು. ಜಠರದಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆದು, ಅದರೊಳಗೆ ಗುರುತಿಗೆಂದೇ ಸೇರಿಸಿದ ಇಂಗಾಲವನ್ನು ಉಸಿರಿಗೆ ಬಿಡುತ್ತದೆ. ಯಂತ್ರ ಆ ಗಾಳಿಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹಾಯಿಸಿ ಅದನ್ನು ಹಿಡಿಯುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಪರದೆಯ ಗೆರೆ ಏರುತ್ತದೆ.

ಯಂತ್ರ ಸರಿಯಿದೆಯೇ ಎಂದು ಪ್ರತಿ ಸೋಮವಾರ ಆರೋಗ್ಯವಂತರೊಬ್ಬರ ಉಸಿರಿನಿಂದ ನೋಡಬೇಕು. ಆ ಆರೋಗ್ಯವಂತೆ ನಾನೇ. ಯಾರೂ ಪರೀಕ್ಷಿಸಿ ಕೊಟ್ಟ ಪಟ್ಟವಲ್ಲ, ನಾನೇ ಕಟ್ಟಿಕೊಂಡದ್ದು.

ಸತತ ಮೂರು ಸೋಮವಾರ ಗೆರೆ ಏರಿತು. ಮೂರು ಸಲವೂ ಲ್ಯಾಬಿನ ಪುಸ್ತಕದಲ್ಲಿ ‘ಯಂತ್ರದ ದೋಷ’ ಎಂದು ಬರೆದು ರೋಗಿಗಳನ್ನು ವಾಪಸ್ ಕಳಿಸಿದೆ.

ಆರು ತಿಂಗಳಿಂದ ನನಗೆ ಹೊಟ್ಟೆ ಉರಿ. ಅಕ್ಕನದು ಫೋನಿನಲ್ಲಿ ಒಂದೇ ರಾಗ, ತೋರಿಸಿಕೋ ಎಂದು. ನಾನು ಕಾಫಿಯ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುತ್ತಿದ್ದೆ. ಅಮ್ಮನೂ ಉರಿ ಉರಿ ಎನ್ನುತ್ತಲೇ ಜಠರದ ಕ್ಯಾನ್ಸರಿನಿಂದ ಹೋದಳು. ನನಗೂ ಅದೇ ಇದ್ದರೆ ಎಂದು ಜೀವ ಬಾಯಿಗೆ ಬರುತ್ತಿತ್ತು.

ರಿಪೇರಿಯವರು ಬಂದರು. ಎಲ್ಲ ಬಿಚ್ಚಿ ನೋಡಿ, ತಾವೇ ಆ ನೀರು ಕುಡಿದು ಊದಿದರು. ಗೆರೆ ಅಲುಗಲಿಲ್ಲ. ನಾನು ಊದಿದೆ, ಏರಿತು. ಒಳಗಿನ ಕನ್ನಡಿ ಒರೆಸಿ ಎಂದೆ. ಒರೆಸಿದರು. ಮತ್ತೆ ಒರೆಸಿ ಎಂದೆ.

“ಇನ್ನೆಷ್ಟು ಸಲ ಒರೆಸ್ಲಿ ಮೇಡಂ? ಯಂತ್ರ ಚೆನ್ನಾಗೇ ಇದೆ. ನೀವು ಡಾಕ್ಟ್ರಿಗೆ ತೋರಿಸ್ಕೊಳ್ಳಿ.”

ಅವರೆದುರೇ ಅತ್ತುಬಿಟ್ಟೆ. ಪಾಪ, ಅವರು ಸ್ಪ್ಯಾನರ್ ಹಿಡಿದು ಗೋಡೆ ನೋಡುತ್ತ ನಿಂತರು.

ಅದೇ ವಾರ ಡಾಕ್ಟರು ಗಂಟಲಿನೊಳಗೆ ಕೊಳವೆ ಇಳಿಸಿ ನೋಡಿದರು. ಬರೀ ಹುಣ್ಣು, ಕ್ಯಾನ್ಸರ್ ಅಲ್ಲ. ಹದಿನಾಲ್ಕು ದಿನದ ಮಾತ್ರೆ ಬರೆದುಕೊಟ್ಟರು. ಲ್ಯಾಬಿಗೆ ಬಂದವಳೇ ‘ಯಂತ್ರದ ದೋಷ’ವನ್ನು ಮೂರೂ ಕಡೆ ಹೊಡೆದುಹಾಕಿ, ವಾಪಸ್ ಕಳಿಸಿದ್ದ ಹನ್ನೊಂದು ಮಂದಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಕೊನೆಗೆ ಅಕ್ಕನಿಗೆ ಮಾಡಿದೆ.

ಈ ಬ್ಯಾಕ್ಟೀರಿಯಾ ಒಂದೇ ಮನೆಯವರಲ್ಲಿ ಹರಡುತ್ತದೆ, ಅಮ್ಮನಿಗೂ ಇದ್ದಿರಬಹುದು ಎಂದು ಅವಳಿಗೆ ಹೇಳಿದೆ. ನನ್ನನ್ನು ಇಷ್ಟು ಪೀಡಿಸಿದವಳು ತಾನೆಂದಾದರೂ ತೋರಿಸಿಕೊಂಡಿದ್ದಾಳೆಯೇ ಎಂದು ಕೇಳಿದೆ.



“ನಂಗೂ ವರ್ಷದಿಂದ ಉರಿ ಕಣೇ,” ಅಂದಳು. “ಮೊದ್ಲು ನಿಂದೇನಂತ ಗೊತ್ತಾಗ್ಲಿ ಅಂತ ಕಾಯ್ತಿದ್ದೆ.”

ಸೋಮವಾರ ಖಾಲಿ ಹೊಟ್ಟೆಯಲ್ಲಿ ಬಾ ಎಂದೆ. ಬಂದಳು. ಅವಳು ಚೀಲಕ್ಕೆ ಊದುವಾಗ ನಾನೂ ಅದನ್ನು ಹಿಡಿದುಕೊಂಡೆ.