ಕೂಗದೇ ಉಳಿದ ಹೆಸರು

ಶಿವಯೋಗಪ್ಪ ಮೇಷ್ಟ್ರಿಗೆ ಟೈ ಕಟ್ಟುವುದು ಚೆನ್ನಾಗಿ ಬರುತ್ತಿತ್ತು. ಕೊಟ್ಟೂರಿನ ಹೊರಗಿದ್ದ ಆ ಪಾಲಿಟೆಕ್ನಿಕ್ಕಿಗೆ ಕಂಪನಿಯವರು ಕ್ಯಾಂಪಸ್ ಇಂಟರ್ವ್ಯೂಗೆ ಬರುವ ದಿನ ಅವರು ತಮ್ಮ ನಾಲ್ಕು ಟೈಗಳನ್ನೂ ಮನೆಯಿಂದ ತರುತ್ತಿದ್ದರು. ಒಬ್ಬ ಹೊರಗೆ ಬಂದ ಕೂಡಲೇ ಅವನ ಕೊರಳಿನಿಂದ ಬಿಚ್ಚಿ ಮುಂದಿನವನಿಗೆ ಕಟ್ಟುವರು.

"ಲೇ ಗಂಗಪ್ಪ, ಕುತ್ತಿಗಿ ಎತ್ತಲೇ. ಕುರಿ ಕೊಯ್ಯಾಕ ಒಯ್ದಂಗ ಮುಖ ಮಾಡಬ್ಯಾಡ," ಎಂದರೆ ನಡುಗುತ್ತಿದ್ದವನೂ ನಕ್ಕುಬಿಡುತ್ತಿದ್ದ. ಹಸಿದವರಿಗೆಂದು ಮಂಡಕ್ಕಿ, ಮಿರ್ಚಿಯನ್ನೂ ತರಿಸಿಡುತ್ತಿದ್ದರು.

ಎರಡು ಸಾವಿರದ ಮೂರರ ಮಾರ್ಚ್ ತಿಂಗಳು. ಹೊಸೂರು ಕಡೆಯ ಒಂದು ಪಂಪು ತಯಾರಿಸುವ ಕಾರ್ಖಾನೆಯವರು ಬಂದಿದ್ದರು. ಹಿಂದಿನ ವಾರ ಅಂತಿಮ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳೆಲ್ಲ ಅವರ ಲಿಖಿತ ಪರೀಕ್ಷೆ ಬರೆದಿದ್ದರು. ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಲಕ್ಷ್ಮಿದೇವಿಗೆ. ಆ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಅವಳು.

ಗುಡೇಕೋಟೆಯಿಂದ ಮೊದಲ ಬಸ್ಸು ಹಿಡಿದು ತಾಯಿ ಜಂಬಕ್ಕನ ಜೊತೆ ಬಂದಿದ್ದಳು. ಆಡು ಮೇಯಿಸಿ ಮಗಳನ್ನು ಓದಿಸಿದ ಜಂಬಕ್ಕ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಚೂಡಿದಾರದ ಒಂದೊಂದು ಸುಕ್ಕನ್ನೂ ತೀಡಿದ್ದಳು. ಆಕೆಗೆ ಈ ದಿನ ಬರಿಯ ನೌಕರಿಯ ದಿನವಾಗಿರಲಿಲ್ಲ. ಲಕ್ಷ್ಮಿದೇವಿಯನ್ನು ತನ್ನ ತಮ್ಮ ಓಬಳೇಶಪ್ಪನಿಗೆ ಕೊಡುವ ಮಾತು ಹಳೆಯದು. ನೌಕರಿ ಸಿಕ್ಕರೆ ಎರಡು ವರ್ಷ ಆ ಮಾತು ಎತ್ತುವುದಿಲ್ಲ, ಸಿಗದಿದ್ದರೆ ಬರುವ ಬಸವ ಜಯಂತಿಗೇ ಮದುವೆ ಎಂದು ಅಕ್ಕ ತಮ್ಮ ಕರಾರು ಮಾಡಿಕೊಂಡಿದ್ದರು.

ವರಾಂಡದ ಬೆಂಚಿನ ಮೇಲೆ ಕೂತ ಲಕ್ಷ್ಮಿದೇವಿಯನ್ನು ಕಂಡು ಮೇಷ್ಟ್ರು ಮಿರ್ಚಿಯ ತಟ್ಟೆ ಹಿಡಿದು ಬಂದರು.

"ಗೆಳೆಯರಿಗೆ ಧೈರ್ಯ ಹೇಳಾಕ ಬಂದೀಯೇನವ್ವ? ಭಾಳ ಚಲೋ ಮಾಡಿದಿ. ತಗೋ, ನಿಮ್ಮವ್ವಗೂ ಕೊಡು."

ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆಂದು ಅವಳು ನಕ್ಕಳು. ತಿನ್ನಲಿಲ್ಲ. ತನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳುವ ನಾಲ್ಕು ವಾಕ್ಯ ಮರೆತುಹೋದೀತೆಂಬ ಭಯ.

ಅಟೆಂಡರ್ ಗುರುಬಸಮ್ಮ ಬಾಗಿಲಲ್ಲಿ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದಳು. ಹತ್ತಾಯಿತು, ಹದಿನಾಲ್ಕಾಯಿತು. "ಪರೀಕ್ಷ್ಯಾಗ ಮೊದಲು ಬಂದಾಕಿ ನೀನು, ಕೊನಿಗೆ ಕರೀತಾರ ಬಿಡು," ಎಂದಳು ಜಂಬಕ್ಕ. ಮೂರು ಗಂಟೆಯ ಹೊತ್ತಿಗೆ ಗುರುಬಸಮ್ಮ ಯಾರೂ ಕೇಳದೆಯೇ ಒಂದು ಲೋಟ ನೀರು ತಂದು ಹುಡುಗಿಯ ಕೈಗಿಟ್ಟು ಹೋದಳು. ಅವಳ ಕೈಯಲ್ಲಿನ ಪಟ್ಟಿ ಆಗಲೇ ಮುಗಿದಿತ್ತು.

ಸ್ವಲ್ಪ ಹೊತ್ತಿಗೆ ಕಂಪನಿಯ ಅಧಿಕಾರಿ ಅರುಣಕುಮಾರ್ ಬ್ಯಾಗು ಹಿಡಿದು ಹೊರಬಂದರು. ಲಕ್ಷ್ಮಿದೇವಿ ಎದ್ದು ನಿಂತಳು.

"ಸರ್, ನನ್ನನ್ನ ಕರೀಲೇ ಇಲ್ಲ."

ಅವರು ನಿಂತಲ್ಲೇ ಕಡತ ತೆರೆದರು. "ಲಕ್ಷ್ಮಿದೇವಿ... ನೋಡಮ್ಮ, ಪಾಳಿ ಕೆಲಸಕ್ಕೆ ಇಚ್ಛೆ ಇಲ್ಲ ಅಂತ ನಿಮ್ಮ ಕಾಲೇಜಿನವರೇ ಬರೆದು ಕಳಿಸಿದ್ದಾರೆ."

ಕಡತದ ಹಾಳೆಯಲ್ಲಿದ್ದ ಆ ಅಕ್ಷರ ಅವಳಿಗೆ ಗೊತ್ತಿತ್ತು. ಮೂರು ವರ್ಷ ತನ್ನ ಡ್ರಾಯಿಂಗ್ ಹಾಳೆಗಳ ಕೆಳಗೆ 'ಬಹಳ ಚೆನ್ನಾಗಿದೆ' ಎಂದು ಬರೆಯುತ್ತಿದ್ದ ಅಕ್ಷರ.

ಅವಳು ಮೇಷ್ಟ್ರ ಕಡೆ ತಿರುಗಿದಳು. "ಸರ್, ನೀವಾ?"

ಮೇಷ್ಟ್ರ ಕೈಯಲ್ಲಿ ಬಿಚ್ಚಿದ ಟೈ ಹಾಗೇ ಉಳಿಯಿತು. "ಹೌದವ್ವ, ನಾನ. ಎರಡು ವರ್ಷದ ಹಿಂದ ಅಮೃತಾ ಅಂತ ಹುಡುಗಿ ಇದ್ಲು. ಮದುವಿ ಆದಮ್ಯಾಲ ಏನ್ಮಾಡ್ತಿ, ಮಕ್ಕಳಾದಮ್ಯಾಲ ಏನ್ಮಾಡ್ತಿ ಅಂತ ಒಳಗ ಕೇಳಿ ಕೇಳಿ ಅಳಿಸಿ ಕಳಿಸಿದ್ರು. ಕೆಲಸಾನೂ ಕೊಡಲಿಲ್ಲ. ಆವತ್ತಿಂದ ಹೆಣ್ಣುಮಕ್ಕಳ ಹೆಸರಿನ ಮುಂದ ನಾನ ಹಂಗ ಬರೀತೀನಿ. ನನಗೂ ಮಗಳು ಅದಾಳವ್ವ. ನಿಮಗ ಆ ನೋವು ಬ್ಯಾಡ ಅಂತ..."

"ನನ್ನ ಒಂದು ಮಾತು ಕೇಳಬೇಕಿತ್ರಿ ಸರ್. ಅಳಿಸಿದ್ರ ಅತ್ತು ಬರ್ತಿದ್ದೆ."

ಮೇಷ್ಟ್ರು ಅರುಣಕುಮಾರ್ ಅವರ ಹಿಂದೆ ಕಾರಿನವರೆಗೂ ಓಡಿದರು. "ತಪ್ಪು ನಂದು ಸರ್. ಹತ್ತು ನಿಮಿಷ ಆಕೀನ ನೋಡ್ರಿ."

"ಇದ್ದದ್ದು ಐದೇ ಜಾಗ. ಐದೂ ಹೆಸರು ಹೆಡ್ ಆಫೀಸಿಗೆ ಹೇಳಿಯಾಗಿದೆ. ಯಾರನ್ನ ತೆಗೀಲಿ, ನೀವೇ ಹೇಳಿ?" ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಅಲ್ಲೇ ಗಂಗಪ್ಪ ನಿಂತಿದ್ದ. ಐದನೆಯ ಹೆಸರು ಅವನದು. ಅವನ ನಗು ಅರ್ಧಕ್ಕೇ ನಿಂತಿತ್ತು.

ಹಿಂದೆಯೇ ಬಂದ ಲಕ್ಷ್ಮಿದೇವಿ ಅವನನ್ನು ನೋಡಿದಳು. "ಬ್ಯಾಡ ಬಿಡ್ರಿ ಸರ್," ಎಂದಳು.

ಕಾರು ಹೋಯಿತು. "ನನ್ನ ತಮ್ಮಗ ಏನ್ ಹೇಳ್ಲಿ?" ಎಂದು ಜಂಬಕ್ಕ ಅಲ್ಲೇ ಕುಸಿದಳು. ಮದುವೆಯ ಕರಾರಿನ ಸಂಗತಿ ಮೇಷ್ಟ್ರಿಗೆ ಆಕೆಯ ಬಾಯಿಂದ ತಿಳಿದದ್ದು ಆಗ. "ಮಗಳು ಫೇಲಾದ್ಲು ಅಂತ ಊರೆಲ್ಲ ಆಡಿಕೊಳ್ತಾರ," ಎಂದಳು ಜಂಬಕ್ಕ.

"ನಡೀರಿ," ಎಂದರು ಮೇಷ್ಟ್ರು. "ನಾನೂ ಬರ್ತೀನಿ."

ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ ಗುಡೇಕೋಟೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಸೈಕಲ್ ಪಂಚರ್ ಅಂಗಡಿ ಮುಚ್ಚಿ ಬಂದ ಓಬಳೇಶಪ್ಪ ಅಕ್ಕನ ಮನೆಯ ಕಟ್ಟೆಯ ಮೇಲೆ ಕಾಯುತ್ತಿದ್ದ.

"ಏನಾತಕ್ಕ? ಇಂಜಿನಿಯರಮ್ಮ ಮಾತಾಡವಲ್ಲಳು. ಆಗಲಿಲ್ಲ ಅಲ್ಲ? ಹೋಗ್ಲಿ ಬಿಡಲೇ ಲಚ್ಚಿ, ನಮ್ಮ ಪಂಚರ್ ಅಂಗಡ್ಯಾಗ ನಿನ್ನ ಮ್ಯಾನೇಜರ್ ಮಾಡ್ತೀನಿ!"

ಮೇಷ್ಟ್ರು ಕಟ್ಟೆಯ ಮೇಲೆ ಕೂರಲಿಲ್ಲ. "ಆಕಿ ಫೇಲಾಗಿಲ್ಲಪ್ಪ. ಪರೀಕ್ಷ್ಯಾಗ ಎಲ್ಲಾರಿಗಿಂತ ಮೊದಲು ಬಂದಾಳ. ಇಂಟರ್ವ್ಯೂಗ ಹೋಗದಂಗ ಮಾಡಿದಾವ ನಾನು. ಆಕೀನ ಕೇಳದ, ಆಕಿಗೆ ಮನಸ್ಸಿಲ್ಲ ಅಂತ ಬರದುಬಿಟ್ಟೆ."

"ಯಾಕ್ರಿ ಹಂಗ ಮಾಡಿದ್ರಿ?"

"ಆಕಿ ಒಳ್ಳೇದಕ್ಕ ಅಂದ್ಕೊಂಡಿದ್ದೆ."

ಓಬಳೇಶಪ್ಪ ತನ್ನ ಮಸಿ ಹತ್ತಿದ ಬೆರಳುಗಳನ್ನು ಕಟ್ಟೆಗೆ ಒರೆಸಿದ. ಆಮೇಲೆ ಅಕ್ಕನ ಕಡೆ ತಿರುಗಿದ. "ಅಕ್ಕ, ಕರಾರು ಮಾಡುವಾಗ ನಾವಾದ್ರೂ ಈಕೀನ ಕೇಳಿದ್ವೇನು?"

ಜಂಬಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಲಚ್ಚಿ," ಎಂದ ಅವನು, ಮೆಲ್ಲಗೆ. "ನನ್ನ ಮ್ಯಾಲ ಮನಸ್ಸು ಐತೇನು ನಿನಗ? ಖರೇ ಹೇಳು. ಯಾರೂ ಬೈಯಂಗಿಲ್ಲ."

ಇಡೀ ದಿನ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ಸುಮ್ಮನಿರು ಎನ್ನಲಿಲ್ಲ. ತಾವು ಮರಳಬೇಕಿದ್ದ ಕೂಡ್ಲಿಗಿಯ ಕೊನೆಯ ಬಸ್ಸು ಹೋದ ಸದ್ದು ಕೇಳಿದರೂ ಮೇಷ್ಟ್ರು ಕದಲಲಿಲ್ಲ.

"ಇಲ್ಲ ಮಾವ," ಎಂದಳು ಕೊನೆಗೆ.

ಓಬಳೇಶಪ್ಪ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳಲು ತುಸು ಹೆಚ್ಚೇ ಹೊತ್ತು ಹಿಡಿಯಿತು.

"ಆತವ್ವ," ಎಂದ. ಅವಳನ್ನು ಅವನು ಮಗಳಂತೆ 'ಅವ್ವ' ಎಂದು ಕರೆದದ್ದು ಅದೇ ಮೊದಲು. "ಅಕ್ಕ, ಮೇಷ್ಟ್ರಿಗೆ ಕೈತೊಳಿಯಾಕ ನೀರು ಕೊಡು. ಬೆಳಿಗ್ಗಿಂದ ಯಾರೂ ಉಂಡಂಗ ಕಾಣವಲ್ಲದು."