ಸುಣ್ಣದುಂಡೆಯೊಳಗಿನ ಕೈ

೧೯೭೯ರಲ್ಲಿ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಹೊಸದಾಗಿ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದ್ದೆ. ಪ್ರಾಣಿಶಾಸ್ತ್ರದ ಬಸವರಾಜಪ್ಪ ಮೇಷ್ಟ್ರು ಒಂದು ದಿನ ತೆಂಗಿನಕಾಯಿ ಗಾತ್ರದ ಸುಣ್ಣಕಲ್ಲಿನ ಉಂಡೆಯನ್ನು ನನ್ನ ಮೇಜಿನ ಮೇಲಿಟ್ಟರು. ದಂಡಿನಶಿವರದಲ್ಲಿ, ಮುಚ್ಚಿಹೋಗಿದ್ದ ಬಾವಿಯನ್ನು ಮತ್ತೆ ತೋಡುವಾಗ ಸಿಕ್ಕಿದ್ದಂತೆ. ಬಿರುಕಿನಲ್ಲಿ ಮೂಳೆಯ ಅಂಚು ಕಾಣುತ್ತಿತ್ತು.

"ಸೂಜಿ, ಬ್ರಷ್ಷು, ತಾಳ್ಮೆ. ಬೇರೇನೂ ಬೇಡ," ಎಂದರು.

ನನಗೆ ಅದೇ ಮೊದಲನೆಯದು. ಸೂಜಿಯಿಂದ ಸುಣ್ಣವನ್ನು ಸಾಸಿವೆಯಷ್ಟು ಎಬ್ಬಿಸಬೇಕು, ಪುಡಿ ಗುಡಿಸಬೇಕು, ಮೂಳೆ ಇಣುಕಿದೊಡನೆ ತೆಳುವಾಗಿ ಅಂಟು ಹಚ್ಚಬೇಕು. ಅಟೆಂಡರ್ ಗಂಗಯ್ಯ ನೋಡಿ ನಗುತ್ತಿದ್ದ. "ಏನ್ ಮೇಡಂ, ಕಲ್ಲಿಗೆ ಹಲ್ಲುಜ್ಜುಸ್ತಾ ಇದ್ದೀರಾ?"

ನಾಲ್ಕನೆಯ ದಿನ ಚಿಕ್ಕಗೌರಮ್ಮ ಎಂಬಾಕೆ ಬಂದರು. ಬಾವಿ ಅವರದು. ಹದಿನೇಳು ವರ್ಷದ ಹಿಂದೆ ಅದರ ದಡ ಕುಸಿದು ಆರು ವರ್ಷದ ಮಗ ಸಣ್ಣತಿಮ್ಮ ಒಳಗೆ ಹೋಗಿದ್ದ. ಒಂಬತ್ತು ದಿನ ಅಗೆದರೂ ಸಿಗಲಿಲ್ಲ.

"ಅವನೇ ಆದ್ರೆ ಮಣ್ಣು ಮಾಡಿ ತಿಥಿ ಮಾಡ್ತೀನಿ ಕಣವ್ವ," ಎಂದರು. "ಇಲ್ಲಾಂದ್ರೆ ದಿನಾ ಇಟ್ಟಂಗೆ ಅವನ ತಟ್ಟೆ ಇಡ್ತೀನಿ."

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಸುಳ್ಳು ಹೇಳುವವರಲ್ಲ. "ಸುಣ್ಣದ ನೀರು ಹದಿನೇಳು ವರ್ಷಕ್ಕೂ ಮೂಳೆಯ ಸುತ್ತ ಹೆಪ್ಪುಗಟ್ಟಬಹುದು, ಹದಿನೇಳು ಸಾವಿರ ವರ್ಷಕ್ಕೂ. ಬಿಡಿಸಿ ನೋಡಬೇಕಮ್ಮ."

ಅಂದಿನಿಂದ ಆಕೆ ಪ್ರತಿ ಸೋಮವಾರ ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ಗಂಗಯ್ಯ ನಗುವುದನ್ನು ಬಿಟ್ಟ. ಯಾರೂ ಹೇಳದಿದ್ದರೂ ತನ್ನ ಸ್ಟೂಲನ್ನು ತಂದಿಟ್ಟು, ತಾನು ನಿಂತೇ ಇರುತ್ತಿದ್ದ.

ಮೂರನೆಯ ಸೋಮವಾರ ಅಂಗೈ ಕಾಣಿಸಿತು. ಪುಟ್ಟ ಅಂಗೈ. ನನ್ನ ಸೂಜಿ ನಿಂತುಹೋಯಿತು.

"ಮೆಲ್ಲಗೆ ಕಣವ್ವ," ಎಂದರು ಚಿಕ್ಕಗೌರಮ್ಮ. "ಅವ್ನಿಗೆ ಕಚಗುಳಿ ಜಾಸ್ತಿ."

ಮೇಷ್ಟ್ರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಕರಡಿಮರಿಯ ಅಂಗೈಯೂ ಹೀಗೇ ಇರುತ್ತದೆ. ಬೆರಳ ತುದಿಯ ಮೂಳೆ ನೋಡಬೇಕು. ಕೊಕ್ಕೆಯಂತೆ ಬಾಗಿದ್ದರೆ ಕರಡಿ, ಚಪ್ಪಟೆಯಾಗಿದ್ದರೆ…" ನಾಲ್ಕು ಬೆರಳ ತುದಿಗಳು ಬಾವಿ ತೋಡಿದವರ ಹಾರೆಯ ಏಟಿಗೆ ಮುರಿದುಹೋಗಿದ್ದವು. ಒಂದು ಮಾತ್ರ ಇನ್ನೂ ಸುಣ್ಣದೊಳಗೆ ಹುದುಗಿತ್ತು.

ಆಮೇಲೆ ನನಗೆ ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ಹಿಟ್ಟಿನೊಳಗೆ ಪುಟ್ಟ ಬೆರಳು ಸಿಕ್ಕಂತಾಗುತ್ತಿತ್ತು. ಸೂಜಿ ಹಿಡಿದರೆ ಬೆರಳು ಒಳಕ್ಕೆ ಮಡಚಿಕೊಳ್ಳುತ್ತಿದೆ ಅನಿಸುತ್ತಿತ್ತು. ಇನ್ನೊಂದು ಸೋಮವಾರ ಆಕೆಯನ್ನು ಕಾಯಿಸಬಾರದು ಎಂಬುದೊಂದೇ ತಲೆಯಲ್ಲಿತ್ತು.

ನಮ್ಮ ಕಡೆ ಹಂಡೆಗೆ ಸುಣ್ಣ ಕಟ್ಟಿದರೆ, ಎರಡು ದಿನ ಇಟ್ಟು ಹುಳಿ ಬಂದ ಕಾಯಿನೀರು ಹುಯ್ದು ನೆನೆಸುತ್ತೇವೆ. ಬೆಳಗಾಗುವುದರಲ್ಲಿ ಸುಣ್ಣ ಎದ್ದುಬರುತ್ತದೆ. ಶನಿವಾರ ಮಧ್ಯಾಹ್ನ ಮನೆಯಿಂದ ಒಂದು ಚೊಂಬು ಹುಳಿ ಕಾಯಿನೀರು ತಂದೆ. ಉಂಡೆಯ ಬೆರಳಿದ್ದ ತುದಿಯಷ್ಟೇ ಮುಳುಗುವಂತೆ ಬಟ್ಟಲಿನಲ್ಲಿಟ್ಟು ಹೋದೆ.

ಸೋಮವಾರ ಬಂದು ನೋಡಿದರೆ ಸುಣ್ಣ ಕರಗಿತ್ತು. ಮೂಳೆಯೂ ಸುಣ್ಣವೇ ಎಂಬುದು ನನಗೆ ಹೊಳೆದಿರಲೇ ಇಲ್ಲ. ತುದಿ ಇರಬೇಕಾದ ಕಡೆ ಬೂದಿಬಣ್ಣದ ಲೋಳೆ. ಬೆರಳಿನಿಂದ ಮುಟ್ಟಿದೆ. ಅದೂ ಹೋಯಿತು.

ಮೇಷ್ಟ್ರು ಒಂದು ಮಾತೂ ಬಯ್ಯಲಿಲ್ಲ. "ಅವರಿಗೆ ನಾನು ಹೇಳಲೇ?" ಎಂದು ಮಾತ್ರ ಕೇಳಿದರು. ಬೇಡವೆಂದೆ.

ಚಿಕ್ಕಗೌರಮ್ಮ ಬಂದು ಸ್ಟೂಲಿನ ಮೇಲೆ ಕುಳಿತರು. ಕರಡಿ ಎಂದಿದ್ದರೂ ನಂಬುತ್ತಿದ್ದರು, ಮಗು ಎಂದಿದ್ದರೂ ನಂಬುತ್ತಿದ್ದರು. "ಗೊತ್ತಾಗುವುದಿಲ್ಲ," ಎಂದೆ. "ತುದಿಯನ್ನು ನಾನೇ ಕರಗಿಸಿಬಿಟ್ಟೆ."

ಆಕೆ ಬಟ್ಟಲನ್ನು ಎತ್ತಿ ಮೂಸಿದರು. "ಕಾಯಿನೀರಾ?"

"ಹೂಂ."

"ನಾನೂ ಅದನ್ನೇ ಹುಯ್ತಿದ್ದೆ ಬುಡು." ನನ್ನ ಕೈ ಎಳೆದುಕೊಂಡು, ಸೂಜಿ ಚುಚ್ಚಿ ಗಾಯವಾಗಿದ್ದ ಬೆರಳುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿದರು. ಮೇಜಿನ ಮೇಲಿನ ಕೈಯನ್ನು ಮುಟ್ಟಲಿಲ್ಲ. "ಬತ್ತೀನಿ ಕಣವ್ವ. ತಟ್ಟೆ ಇಡೋ ಹೊತ್ತಾಯ್ತು."

ಮತ್ತೆ ಬರಲಿಲ್ಲ.

ನಾನು ನಿವೃತ್ತಳಾಗುವವರೆಗೂ ಆ ಕೈ ಬೀರುವಿನಲ್ಲೇ ಇತ್ತು. ಚೀಟಿಯ ಮೇಲೆ ಊರು, ವರ್ಷ ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಎಷ್ಟು ಸಲ ಹತ್ತಿ ಬದಲಿಸಿದರೂ, ಬಾಗಿಲು ತೆಗೆದೊಡನೆ ಹುಳಿ ಕಾಯಿನೀರಿನ ವಾಸನೆ ಬರುತ್ತಿತ್ತು. ಗಂಗಯ್ಯನಿಗೂ ಬರುತ್ತಿತ್ತೋ ಏನೋ. ಬೀರು ತೆಗೆಯುವಾಗಲೆಲ್ಲ ಪಕ್ಕದಲ್ಲಿ ಸ್ಟೂಲು ತಂದಿಡುತ್ತಿದ್ದ. ಅದರ ಮೇಲೆ ನಾವಿಬ್ಬರೂ ಎಂದೂ ಕೂರಲಿಲ್ಲ.